ಗಂಟೆ ಅಂದರೆ ಹೌದು, ಹಾರ್ನ್ ಅಂದರೆ ಅಲ್ಲ

ನರಿತಾ

ಜಪಾನಿಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಚೆರ್ರಿ ಹೂವಿನ ಬಗ್ಗೆ. ನಾನು ಹೂವು ನೋಡಲಿಲ್ಲ. ಫ್ಯೂಜಿ ಪರ್ವತವನ್ನೂ ನೋಡಲಿಲ್ಲ. ಬುಲೆಟ್ ರೈಲಿನ ಕಿಟಕಿಯಲ್ಲಿ ಅದು ಕಾಣಿಸಿಕೊಂಡ ಹೊತ್ತಿಗೆ ನಾನು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದೆನಂತೆ. ಜೊತೆಗೆ ಬಂದಿದ್ದ ಗಿರಿ ಫೋಟೋ ತೆಗೆದಿಟ್ಟಿದ್ದಾನೆ, ಪರ್ವತದ್ದಲ್ಲ, ನನ್ನದು. ನಾನು ಕಣ್ತುಂಬ ನೋಡಿದ್ದು ಅಲ್ಲಿನ ಸಮುದಾಯ ಭವನಗಳ ಮಡಚುವ ಕುರ್ಚಿಗಳನ್ನು. ಅವುಗಳ ಬಗ್ಗೆ ಕೇಳಿದರೆ ಎಷ್ಟು ಬೇಕಾದರೂ ಹೇಳಬಲ್ಲೆ.

ಅಲ್ಲಿನ ಕನ್ನಡಿಗರು ನಮ್ಮನ್ನು ಪ್ರದರ್ಶನಕ್ಕೆ ಕರೆಸಿದ್ದರು. ನಮ್ಮದು ಆಶು ನಾಟಕ. ಬೆಂಗಳೂರಿನಲ್ಲಿ ಹಾಗಂದರೆ ಯಾರೂ ಬರುವುದಿಲ್ಲ, ಇಂಪ್ರೊವ್ ಅಂದರೆ ಬರುತ್ತಾರೆ. ಬರೆದಿಟ್ಟ ಮಾತಿಲ್ಲ, ತಾಲೀಮಿಲ್ಲ. ಪ್ರೇಕ್ಷಕರು ಒಂದು ಜಾಗವನ್ನೋ ಒಂದು ಸಂಬಂಧವನ್ನೋ ಕೂಗಿ ಹೇಳುತ್ತಾರೆ, ನಾನೂ ಗಿರೀಶನೂ ನಿಂತ ನಿಲುವಿನಲ್ಲಿ ಅದನ್ನು ಆಡಿ ತೋರಿಸಿ ನಗಿಸುತ್ತೇವೆ. ಗಿರಿ ನನಗಿಂತ ಎಷ್ಟೋ ಚಿಕ್ಕವನು. ಅವನಿಗೆ ಉತ್ಸಾಹ ಇದೆ, ನನಗೆ ಮೊಣಕಾಲು ನೋವಿದೆ. ನಮ್ಮ ತಂಡಕ್ಕಿರುವುದು ಒಂದೇ ನಿಯಮ: ಪ್ರೇಕ್ಷಕ ಕೊಟ್ಟಿದ್ದು ಪ್ರಸಾದ. ಬೇಡ ಅನ್ನುವ ಹಾಗಿಲ್ಲ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳಬೇಕು. ಗಿರಿಗೆ ಇದು ವೇದವಾಕ್ಯ. ನನಗೂ ಹಾಗೇ ಇತ್ತು, ಆದರೆ ಇಷ್ಟು ವರ್ಷ ಪ್ರಸಾದ ತಿಂದವಳಿಗೆ ಅದು ಹಳಸಿದ್ದರೆ ವಾಸನೆಯಲ್ಲೇ ಗೊತ್ತಾಗಿಬಿಡುತ್ತದೆ.

ನರಿತಾ ವಿಮಾನ ನಿಲ್ದಾಣದ ಕಸ್ಟಮ್ಸಿನಲ್ಲಿ ಬಿಳಿ ಗ್ಲೌಸಿನ ಅಧಿಕಾರಿಯೊಬ್ಬರು ನನ್ನ ಪೆಟ್ಟಿಗೆ ತೆರೆಸಿದರು. ಸೀರೆಗಳ ನಡುವೆ ಎರಡು ಸಾಮಾನು ಸಿಕ್ಕವು. ಒಂದು ದೇವರ ಮನೆಯ ಹಿತ್ತಾಳೆ ಗಂಟೆ, ಇನ್ನೊಂದು ಹಳೇ ಆಟೋದ ರಬ್ಬರ್ ಹಾರ್ನ್. ನಮ್ಮ ಒಂದು ಆಟಕ್ಕೆ ಇವೆರಡೂ ಬೇಕು. ಗಿರಿ ಇಂಗ್ಲಿಷಿನಲ್ಲಿ ‘ಸಂಗೀತ ವಾದ್ಯ’ ಅಂದ. ಅವರು ಬಹಳ ವಿನಯದಿಂದ, ಹಾಗಾದರೆ ನುಡಿಸಿ ತೋರಿಸಿ ಅಂದರು. ನಾನು ಒತ್ತಿದೆ. ಪೋಂಯ್. ಅಷ್ಟು ದೊಡ್ಡ ಸಭಾಂಗಣ ಇದ್ದಕ್ಕಿದ್ದ ಹಾಗೆ ನಿಂತುಬಿಟ್ಟಿತು. ಅಧಿಕಾರಿ ತಲೆಬಾಗಿಸಿದರು, ನನಗೋ ಹಾರ್ನಿಗೋ ತಿಳಿಯಲಿಲ್ಲ. ಆ ದೇಶದಲ್ಲಿ ಇದ್ದಷ್ಟು ದಿನ ಬೀದಿಯಲ್ಲಿ ಒಂದು ಗಾಡಿಯೂ ಹಾರ್ನ್ ಹೊಡೆದದ್ದು ನನ್ನ ಕಿವಿಗೆ ಬೀಳಲಿಲ್ಲ.

ಉರಯಾಸು

ಸಮುದ್ರದ ಅಂಚಿನ ಈ ಊರಿನಲ್ಲಿ ನಮ್ಮವರು ಎಷ್ಟಿದ್ದಾರೆಂದರೆ, ಲಿಫ್ಟಿನ ಬಾಗಿಲು ತೆರೆದರೆ ಒಗ್ಗರಣೆ ವಾಸನೆ. ಪ್ರದರ್ಶನ ಮಧ್ಯಾಹ್ನ ಊಟದ ಮೇಲೆ ಇತ್ತು. ಬಿಸಿಬೇಳೆಬಾತ್ ತಿಂದು ಕೂತ ಸಭಿಕರನ್ನು ನಗಿಸುವುದು ಎಂಥ ಕಷ್ಟ ಎಂದು ಆ ಕಸುಬಿನವರಿಗೇ ಗೊತ್ತು.

ಎಲ್ಲ ಊರಿನಲ್ಲೂ ಒಬ್ಬ ಇರುತ್ತಾನೆ, ಅವನಿಗೆ ನಾವು ‘ಬಾತ್‌ರೂಮ್ ಮಾಮ’ ಎಂದು ಹೆಸರಿಟ್ಟಿದ್ದೇವೆ. ಒಂದು ಜಾಗ ಹೇಳಿ ಎಂದರೆ ಬಾತ್‌ರೂಮ್ ಅನ್ನುತ್ತಾನೆ, ಒಂದು ಸಂದರ್ಭ ಹೇಳಿ ಎಂದರೆ ಫಸ್ಟ್ ನೈಟ್ ಅನ್ನುತ್ತಾನೆ. ಇಲ್ಲಿಯೂ ಇದ್ದರು, ಎರಡನೇ ಸಾಲಿನಲ್ಲಿ, ಒಳ್ಳೆಯ ಸ್ವೆಟರ್ ಹಾಕಿಕೊಂಡು. ಮೂರನೇ ಸಲ ಕೂಗಿದಾಗ ನಾನು ಅಂದೆ, “ಆಯ್ತು ಸರ್, ಬಾತ್‌ರೂಮೇ ಇರ್ಲಿ. ಒಳಗೆ ಇರೋದು ನೀವು. ಹೊರಗಡೆ ಟವಲ್ ಹಿಡ್ಕೊಂಡು ನಿಮ್ಮತ್ತೆ ನಿಂತಿದಾರೆ. ಏನ್ ಹೇಳ್ತೀರ ಅವರಿಗೆ?” ಅವರ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ಮಾಮನ ಸದ್ದಿಲ್ಲ. ಇಂಥ ಪ್ರಸಾದವನ್ನು ತಗೊಂಡು ಅರ್ಧ ಅವರಿಗೇ ತಿನ್ನಿಸಬೇಕು. ಇದು ಸುಲಭದ್ದು.

ಕೊನೆಗೆ ಗಂಟೆ-ಹಾರ್ನ್ ಆಟ. ಪ್ರೇಕ್ಷಕರಲ್ಲಿ ಒಬ್ಬರನ್ನು ಕರೆದು ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸುತ್ತೇವೆ. ಅವರ ಒಂದು ದಿನವನ್ನು ನಾವು ಊಹೆಯಿಂದ ಆಡುತ್ತಾ ಹೋಗುತ್ತೇವೆ. ಸರಿಯಾಗಿದ್ದರೆ ಅವರು ಗಂಟೆ ಅಲ್ಲಾಡಿಸಬೇಕು, ತಪ್ಪಾಗಿದ್ದರೆ ಹಾರ್ನ್ ಒತ್ತಬೇಕು, ನಾವು ಕೂಡಲೇ ಬದಲಾಯಿಸಬೇಕು. ಆ ದಿನ ಬಂದದ್ದು ಎರಡು ಜಡೆಯ ಪುಟ್ಟ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಜಪಾನಿ. ಅಮ್ಮ ಉಪ್ಪಿಟ್ಟು ಮಾಡಿದಳು ಅಂದೆವು, ಪೋಂಯ್. ಅಪ್ಪ ಮೂಲೆಯ ಕೊಂಬಿನಿ ಅಂಗಡಿಯಿಂದ ಒನಿಗಿರಿ ಅನ್ನದುಂಡೆ ತಂದರು, ಗಂಟೆ. ಅಪ್ಪ ಹೋಂವರ್ಕ್ ಮಾಡಿಸಿದರು, ಪೋಂಯ್. ಅಪ್ಪ ಲ್ಯಾಪ್‌ಟಾಪ್ ಮುಂದೆ ಗೊರಕೆ ಹೊಡೆದರು, ಗಂಟೆ, ಗಂಟೆ, ಗಂಟೆ. ಅಪ್ಪ ಮುಖ ಮುಚ್ಚಿಕೊಂಡು ನಕ್ಕರು. ಸುಸ್ತಾಗಿದ್ದರೂ ಆ ಹೊತ್ತು ನನಗೆ ನನ್ನ ಕಸುಬಿನ ಮೇಲೆ ಪ್ರೀತಿ ಬಂತು.

ಆಮೇಲೆ ಕುರ್ಚಿ. ಭವನವನ್ನು ನಮಗೆ ಸಿಕ್ಕಿದ ಹಾಗೆಯೇ ಬಿಟ್ಟುಹೋಗಬೇಕು. ಕುರ್ಚಿ ಎಲ್ಲಿ ಹೇಗಿರಬೇಕು ಎಂದು ಗೋಡೆಯ ಮೇಲೆ ಚಿತ್ರವೇ ಇತ್ತು. ಮುಖ್ಯ ಅತಿಥಿಗಳು ಎಂದು ಬ್ಯಾನರಿನಲ್ಲಿ ಹೆಸರಿದ್ದ ನಾನೂ ಗಿರಿಯೂ ಕಸ ಗುಡಿಸಿದೆವು. ಊರಿನಲ್ಲಾಗಿದ್ದರೆ ಶಾಲು ಹೊದಿಸಿ ಕಾರಿನವರೆಗೆ ಬಿಟ್ಟು ಹೋಗುತ್ತಿದ್ದರು, ಕುರ್ಚಿಗಳು ಮುಂದಿನ ಮದುವೆಯ ತನಕ ಬಿದ್ದಲ್ಲೇ ಬಿದ್ದಿರುತ್ತಿದ್ದವು.

ಹಿರೋಷಿಮಾ

ಇಲ್ಲಿ ವಿದ್ಯಾರ್ಥಿಗಳು ಹೆಚ್ಚು, ಜೊತೆಗೆ ಕಾರು ಕಾರ್ಖಾನೆಯ ಕೆಲವು ಎಂಜಿನಿಯರುಗಳು. ಅವರಲ್ಲೊಬ್ಬರು ತಮ್ಮ ಸಹೋದ್ಯೋಗಿ ಹಮಾದಾ-ಸಾನ್ ಅವರನ್ನು ಕರೆತಂದು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಒಂದು ಅಕ್ಷರ ಕನ್ನಡ ಬಾರದ ಮನುಷ್ಯ. ಎಲ್ಲರೂ ನಕ್ಕಾಗ ತಾವೂ ನಗುತ್ತಾ, ಎಲ್ಲರೂ ನಿಲ್ಲಿಸಿದಾಗ ತಾವೂ ನಿಲ್ಲಿಸುತ್ತಾ ಕೂತಿದ್ದರು.

ಗಿರಿ ಹುರುಪಿನಲ್ಲಿ, “ಈ ಊರಲ್ಲೇ ಒಂದು ಜಾಗ, ಒಂದು ಟೈಮ್ ಹೇಳಿ” ಎಂದು ಕೇಳಿಬಿಟ್ಟ. ಕೇಳಬಾರದಿತ್ತು. ಹಿಂದಿನಿಂದ ಒಬ್ಬ ವಿದ್ಯಾರ್ಥಿ ಕೂಗಿದ, “ಬಾಂಬ್ ಬಿದ್ದ ಬೆಳಗ್ಗೆ.” ಒಂದಿಬ್ಬರು ನಕ್ಕರು, ಆಮೇಲೆ ನಕ್ಕದ್ದಕ್ಕೆ ನಾಚಿಕೊಂಡರು. ಹಮಾದಾ-ಸಾನ್‌ಗೆ ಆ ಒಂದು ಪದ ಅರ್ಥವಾಗಿತ್ತು. ಮುಖದ ನಗು ಹಾಗೇ ಇತ್ತು, ಚಪ್ಪಾಳೆಗೆ ಎತ್ತಿದ್ದ ಕೈಗಳು ಮಾತ್ರ ಮಡಿಲಿಗೆ ಇಳಿದವು. ಗಿರಿ ಆಗಲೇ ಎರಡು ಕೈ ಎತ್ತಿ ಬಾಯಿ ತೆರೆದಿದ್ದ, ಪ್ರಸಾದವಲ್ಲವೇ. ನಾನು ಅವನ ಕಾಲು ತುಳಿದೆ. “ಅದು ಬೇಡಪ್ಪ. ಇನ್ನೊಂದು ಹೇಳಿ,” ಅಂದೆ.

ಆಮೇಲೆ ಪ್ರದರ್ಶನ ಹುದುಗು ಬಾರದ ದೋಸೆ ಹಿಟ್ಟಿನ ಹಾಗೆ ಮೇಲೇಳಲೇ ಇಲ್ಲ. ಮುಗಿದ ಮೇಲೆ ಹಮಾದಾ-ಸಾನ್ ಬಂದು ಸೊಂಟದವರೆಗೆ ಬಾಗಿ, “ಒತ್ಸುಕಾರೆಸಾಮಾ” ಅಂದರು. ಜೊತೆಗಿದ್ದವರನ್ನು ಅರ್ಥ ಕೇಳಿದೆ. ಇಲ್ಲಿ ಕೆಲಸ ಮುಗಿಸಿದವರಿಗೆ ಹೇಳುವ ಮಾತಂತೆ, ದುಡಿದು ದಣಿದಿದ್ದೀರಿ ಎಂದು. ನಮ್ಮಲ್ಲಿ ಸೂಪರ್ ಅನ್ನುತ್ತಾರೆ, ಇನ್ನೊಂದು ಸ್ವಲ್ಪ ಕಾಮಿಡಿ ಇರಬೇಕಿತ್ತು ಅನ್ನುತ್ತಾರೆ. ದಣಿದಿದ್ದೀಯ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ. ನನಗೆ ಅಲ್ಲೇ ಅಳು ಬರುವ ಹಾಗಾಯಿತು, ಗಿರಿ ನೋಡುತ್ತಾನೆಂದು ತಡೆದುಕೊಂಡೆ.

ಟ್ರಾಮಿನಲ್ಲಿ ಗಿರಿ ಮುಖ ಊದಿಸಿಕೊಂಡಿದ್ದ. “ಉಷಕ್ಕ, ರೂಲ್ ಮಾಡಿದ್ದೂ ನೀವೇ, ಮುರಿದಿದ್ದೂ ನೀವೇ.”

“ಬೇಡ ಅನ್ನೋದೂ ಬರ್ಬೇಕು ಕಣೋ ನಮಗೆ.”

“ಸರಿ, ಯಾವಾಗ ಬೇಡ ಅನ್ಬೇಕು, ಯಾವಾಗ ಹೂಂ ಅನ್ಬೇಕು? ಅದು ಹೇಗೆ ಗೊತ್ತಾಗೋದು?”

“ವಾಸನೆ.”

“ವಾಸನೆ ಅಂತ ವರ್ಕ್‌ಶಾಪಲ್ಲಿ ಹೇಳ್ಕೊಡಕ್ಕಾಗುತ್ತಾ ಅಕ್ಕ?”

ನಾವು ಜಗಳವಾಡುತ್ತಿದ್ದೇವೆಂದು ಟ್ರಾಮಿನಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು, ಪ್ರತಿಯೊಬ್ಬರೂ ಗೊತ್ತಿಲ್ಲದವರ ಹಾಗೆ ಫೋನ್ ನೋಡುತ್ತಿದ್ದರು. ಬೆಂಗಳೂರಿನ ಬಸ್ಸಾಗಿದ್ದರೆ ಯಾರಾದರೊಬ್ಬರು ತಿರುಗಿ, ಹೋಗ್ಲಿ ಬಿಡಿ ಮೇಡಂ, ಚಿಕ್ಕ ಹುಡುಗ ಅಂದಿರುತ್ತಿದ್ದರು. ನಾನು ಬಗ್ಗಿ ಮೊಣಕಾಲು ನೀವಿಕೊಂಡೆ.

ತ್ಸುಕುಬಾ

ಕೊನೆಯ ಊರು. ಇಲ್ಲಿ ಸಂಶೋಧನಾಲಯಗಳು, ವಿಶ್ವವಿದ್ಯಾಲಯ, ಎಲ್ಲೆಲ್ಲೂ ಸೈಕಲ್. ಪ್ರದರ್ಶನ ಏರ್ಪಡಿಸಿದ್ದವಳು ಮೈಸೂರಿನ ಶೈಲಜಾ, ಸಸ್ಯಗಳ ಮೇಲೆ ಸಂಶೋಧನೆ ಮಾಡುವ ಹುಡುಗಿ. ಸಭೆಯಲ್ಲಿದ್ದವರೆಲ್ಲ ಪಿಎಚ್.ಡಿ. ಮಾಡುತ್ತಿರುವವರು ಅಥವಾ ಮಾಡಿ ಮುಗಿಸಿ ಕೆಲಸದ ದಾರಿ ಕಾಯುತ್ತಿರುವವರು. ಬೇಗ ನಗುತ್ತಾರೆ, ಪಾಪ, ಅವರ ಕೆಲಸದಲ್ಲಿ ನಗುವುದಕ್ಕೆ ಕಡಿಮೆ ಇರುತ್ತದೆ.

ಗಂಟೆ-ಹಾರ್ನ್‌ಗೆ ಯಾರು ಬರುತ್ತೀರಿ ಎಂದು ಕೇಳಿದಾಗ ಶೈಲಜಾಳೇ ಹಿಂದಿನ ಸಾಲಿನತ್ತ ಕೈ ತೋರಿಸಿದಳು. “ಮಧು ಬಂದಿದಾನೆ ಮೇಡಂ, ಅಪರೂಪಕ್ಕೆ. ಅವನನ್ನ ಬಿಡ್ಬೇಡಿ.” ಬಾಗಿಲ ಪಕ್ಕ ಕೂತಿದ್ದ ಮೂವತ್ತರ ಆಸುಪಾಸಿನ ಮನುಷ್ಯ ಎದ್ದು ಬಂದ. ಸಂಶೋಧಕನಂತೆ, ಒಬ್ಬನೇ ಇರುತ್ತಾನಂತೆ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಒಂದು ಕೈಯಲ್ಲಿ ಗಂಟೆ, ಇನ್ನೊಂದರಲ್ಲಿ ಹಾರ್ನ್ ಹಿಡಿದುಕೊಂಡ.

ಗಿರಿ ಮಧುವಾದ, ನಾನು ಉಳಿದವರೆಲ್ಲ ಆದೆ. ಅಲಾರ್ಮ್ ಹೊಡೆಯಿತು, ಮಧು ಎದ್ದ: ಪೋಂಯ್. ಮಧು ಏಳಲಿಲ್ಲ: ಗಂಟೆ. ಎಲ್ಲರೂ ನಕ್ಕರು, ಎಲ್ಲರದೂ ಅದೇ ಕತೆ. ಪಕ್ಕದ ರೂಮಿನ ಗೆಳೆಯ ಕಾಫಿ ತಂದ ಎಂದು ನಾನು ಒಳಗೆ ಹೋದೆ: ಪೋಂಯ್. ಅಮ್ಮ ಫೋನ್ ಮಾಡಿದಳು, ಮಾತಾಡಿದ: ಪೋಂಯ್. ಅಮ್ಮ ಫೋನ್ ಮಾಡಿದಳು, ಎತ್ತಲಿಲ್ಲ: ಗಂಟೆ. ನಾನು ಪ್ರೊಫೆಸರ್ ಆಗಿ ಹೋದೆ, ಪೋಂಯ್. ಜೂನಿಯರ್ ಆಗಿ, ಪೋಂಯ್. ಕೊಂಬಿನಿಯ ಹುಡುಗಿಯಾಗಿ, ಪೋಂಯ್. ಕೊನೆಗೆ ನಾಲ್ಕು ಕಾಲಲ್ಲಿ ಬೆಕ್ಕಾಗಿ ಹೋದೆ, ಈ ಮೊಣಕಾಲಿಟ್ಟುಕೊಂಡು. ಬೆಕ್ಕಿಗೂ ಪೋಂಯ್. ಆ ದಿನದ ಅತಿ ದೊಡ್ಡ ನಗು ಅದಕ್ಕೇ ಬಂತು.

ಗಿರಿಗೆ ರೆಕ್ಕೆ ಬಂದಿತ್ತು. ಮಧು ಲ್ಯಾಬಿಗೆ ಹೋದ: ಪೋಂಯ್. ಹೋಗಲಿಲ್ಲ: ಗಂಟೆ. ನಿನ್ನೆಯೂ ಹೋಗಲಿಲ್ಲ: ಗಂಟೆ. ಹೋದ ವಾರವೂ: ಗಂಟೆ. ಹೋದ ತಿಂಗಳೂ: ಗಂಟೆ. ನಗು ತೆಳ್ಳಗಾಗುತ್ತಾ ಬಂತು. ನೆಲದ ಮೇಲೆ ಬೆಕ್ಕಾಗಿದ್ದ ನಾನು ತಲೆಯೆತ್ತಿ ನೋಡಿದೆ. ಆ ಮನುಷ್ಯ ಒಂದು ಸಲವೂ ನಕ್ಕಿರಲಿಲ್ಲ. ನಮ್ಮೆಲ್ಲರಿಗೂ ಅದು ಆಟವಾಗಿತ್ತು, ಅವನು ಮಾತ್ರ ಕೇಳಿದ್ದಕ್ಕೆಲ್ಲ ನಿಜ ಹೇಳುತ್ತಿದ್ದ. ಪ್ರಾಯಶಃ ಬಹಳ ದಿನದಿಂದ ಅವನ ದಿನ ಹೇಗಿತ್ತೆಂದು ಯಾರೂ ಕೇಳಿರಲಿಲ್ಲ.

ಗಿರಿ ನನ್ನ ಕಡೆ ನೋಡದೆ ಮುಂದುವರಿಸಿದ. ಬೆಕ್ಕಾದ ಮೇಲೆ ನನ್ನನ್ನು ಕಾಗೆ ಮಾಡಬೇಕೆಂದಿದ್ದನಂತೆ, ಆಮೇಲೆ ಹೇಳಿದ. “ಮಧು ಬಾಲ್ಕನಿಗೆ ಹೋದ,” ಅಂದ. ಹೋಗಿ ಇಲ್ಲದ ಕಂಬಿ ಹಿಡಿದು ನಿಂತ.

ಗಂಟೆಯೂ ಬರಲಿಲ್ಲ, ಹಾರ್ನೂ ಬರಲಿಲ್ಲ. ಮಧುವಿನ ಎರಡು ಕೈಗಳೂ ಹಾಗೇ ಗಾಳಿಯಲ್ಲಿ ನಿಂತವು. ಅವನ ಕಣ್ಣು ಗಿರಿ ಹಿಡಿದ ಕಂಬಿಯ ಆಚೆ, ಕೆಳಗೆ ನೆಟ್ಟಿತ್ತು. ಹಿರೋಷಿಮಾದ ಹಾಗೆ ಇದೂ ಬೇಡ ಎಂದು ಬಾಯಿಗೆ ಬಂತು, ಆದರೆ ಇಲ್ಲಿ ಬೇಡ ಅಂದರೆ ಮಾತಿಗೆ ಬೇಡ ಅಂದ ಹಾಗಲ್ಲ, ಮನುಷ್ಯನಿಗೇ ಬೇಡ ಅಂದ ಹಾಗೆ. ನಾನು ನೆಲದಿಂದ ಎದ್ದು, ಒಂದು ಮಡಚುವ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ.

“ಮಧು, ಎರಡನ್ನೂ ಬಾರಿಸದೇನೂ ಇರಬಹುದು. ಆ ರೂಲೂ ಇದೆ,” ಎಂದು ಮೆಲ್ಲಗೆ ಹೇಳಿದೆ. ಅಂಥ ರೂಲ್ ಇರಲಿಲ್ಲ. ಆಮೇಲೆ ಗಿರಿಗೆ ಕೇಳುವ ಹಾಗೆ ಅಂದೆ, “ಗಿರಿ, ಅಲ್ಲಿ ಚಳಿ. ಒಳಗೆ ಬಾ. ಬಾಲ್ಕನಿ ಬಾಗಿಲು ಹಾಕು.”

ಗಿರಿ ನನ್ನ ಮುಖ ನೋಡಿದ, ಅವನಿಗೆ ಅರ್ಥವಾಯಿತು. ಒಳಗೆ ಬಂದ. ಇಲ್ಲದ ಬಾಗಿಲನ್ನು ಜರುಗಿಸಿ ಹಾಕಿದ, ಚಿಲಕ ಹಾಕಿದ, ಎಳೆದು ನೋಡಿದ, ಪರದೆ ಬಿಟ್ಟ. ಅವನು ಅಷ್ಟು ಜತನದಿಂದ ನಟಿಸಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಪಕ್ಕದಲ್ಲಿ ಗಂಟೆ ಒಂದೇ ಒಂದು ಸಲ, ಬಹಳ ಸಣ್ಣಗೆ ಕೇಳಿಸಿತು.

“ಉಳಿದಿದ್ದು ನಾಳೆ,” ಎಂದು ನಾನು ಎದ್ದು ಕೈ ಮುಗಿದುಬಿಟ್ಟೆ. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಂತು. ಒಬ್ಬರು ಬಳಿಗೆ ಬಂದು, “ಮೇಡಂ, ಚೆನ್ನಾಗಿತ್ತು, ಎಂಡಿಂಗ್ ಮಾತ್ರ ವೀಕ್ ಆಯ್ತು,” ಅಂದರು. ನಾನು ಹೌದು ಅಂದೆ.

ಅವರಿಗೆ ಉತ್ತರ ಕೊಡುವಷ್ಟರಲ್ಲಿ ಮಧು ಇರಲಿಲ್ಲ. ಗಂಟೆ, ಹಾರ್ನ್ ಎರಡೂ ಅವನ ಜೊತೆ ಹೋಗಿದ್ದವು. ಶೈಲಜಾ ಕುರ್ಚಿ ಮಡಚುತ್ತಾ ನಿಂತವಳು ಅಲ್ಲೇ ಕೂತಳು. “ಲ್ಯಾಬಿಗೆ ಹೋಗ್ತಿಲ್ಲ ಅಂತ ನಮಗ್ಯಾರಿಗೂ ಗೊತ್ತೇ ಇಲ್ಲ ಮೇಡಂ. ದಿನಾ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಹಾಕ್ತಾನೆ.” ಅವಳೂ ಅವಳ ಗಂಡನೂ ಆಗಲೇ ಅವನ ಮನೆಗೆ ಹೋದರು. ಬಾಗಿಲ ಹೊರಗಿನ ಸ್ಪೀಕರಿನಲ್ಲೇ ಮಾತಾಡಿದನಂತೆ, ನಿದ್ದೆ ಬರುತ್ತಿದೆ, ನಾಳೆ ಸಿಗುತ್ತೇನೆ ಎಂದು. ಬಾಗಿಲು ತೆಗೆಯಲಿಲ್ಲ. ಅವಳ ಗಂಡ ಕೆಳಗಿನ ಬೆಂಚಿನಲ್ಲಿ ಬಹಳ ಹೊತ್ತು ಕೂತಿದ್ದು, ಮಧು ಒಂದೆರಡು ಮೆಸೇಜಿಗೆ ಉತ್ತರ ಕೊಟ್ಟ ಮೇಲೆ ಎದ್ದು ಬಂದರಂತೆ.

ತ್ಸುಕುಬಾ, ಮರುದಿನ ಬೆಳಗ್ಗೆ

ನಮಗೆ ಸಂಜೆ ವಿಮಾನ. ತಿಂಡಿಯ ಹೊತ್ತಿಗೆ ಗಿರಿ ಅಂದ, “ಅಕ್ಕ, ಗಂಟೆ-ಹಾರ್ನ್ ಇಸ್ಕೊಂಡು ಬರೋಣ.” ಅವನ ಕಣ್ಣು ಕೆಂಪಗಿತ್ತು, ಮಲಗಿರಲಿಲ್ಲ. ಹಾರ್ನ್ ಇನ್ನೊಂದು ಕೊಳ್ಳಬಹುದು ಎಂದು ಇಬ್ಬರಿಗೂ ಗೊತ್ತಿತ್ತು. ಹೋಗೋಣ ಅಂದೆ.

ಶೈಲಜಾ ತನ್ನದಲ್ಲದೆ ಇನ್ನೆರಡು ಸೈಕಲ್ ತಂದಳು. ಸೈಕಲ್ ಹತ್ತಿ ನನಗೆ ಯಾವ ಕಾಲವಾಗಿತ್ತೋ. ಚೂಡಿದಾರದ ಮೇಲೆ ಕೋಟು, ಅದರ ಮೇಲೆ ಶೈಲಜಾಳ ಹೆಲ್ಮೆಟ್. ಒಂದು ತಿರುವಿನಲ್ಲಿ ನಾನು ಬೇಲಿಗಿಡಗಳೊಳಗೆ ಬಿದ್ದೆ. ಹಳದಿ ಟೋಪಿಯ ಶಾಲೆ ಮಕ್ಕಳ ಸಾಲೊಂದು ನಿಂತು ನನಗೆ ನಮಸ್ಕಾರ ಮಾಡಿ ಹೋಯಿತು. ಬಿದ್ದವರಿಗೂ ಮರ್ಯಾದೆ ಕೊಡುವ ಊರು.

ಮಧುವಿನ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ. ಕರೆಗಂಟೆ ಒತ್ತಿದಾಗ ಸ್ಪೀಕರಿನಿಂದ ಧ್ವನಿ ಬಂತು. “ಯಾರು?”

“ನಾವು ಮಧು, ನಾಟಕದವರು. ಗಂಟೆ, ಹಾರ್ನ್ ಬೇಕಿತ್ತು.”

“ಸಾರಿ ಮೇಡಂ. ನೀವು ಕೆಳಗೆ ಹೋಗಿ, ನಾನು ಹೊರಗಡೆ ಇಡ್ತೀನಿ.”

ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಇಳಿಯುವುದಕ್ಕೆ ನನ್ನ ಕಾಲು ಒಪ್ಪುತ್ತಿರಲಿಲ್ಲ, ನಟನೆಯಲ್ಲ. ಶೈಲಜಾ ಬಾಗಿಲನ್ನೇ ನೋಡುತ್ತಾ ನಿಂತಳು. ಆಗ ಗಿರಿ ಬಾಗಿಲಿಗೆ ಹತ್ತಿರ ಹೋಗಿ, ಯಾವ ನಾಟಕೀಯತೆಯೂ ಇಲ್ಲದೆ, ಪಕ್ಕದಲ್ಲಿ ಕೂತವನಿಗೆ ಹೇಳುವ ಹಾಗೆ ಶುರು ಮಾಡಿದ. “ಬೆಳಗಾಯ್ತು.”

ಹೆಜ್ಜೆ ಸದ್ದು ಬಾಗಿಲ ತನಕ ಬಂದು ನಿಂತಿತು. ಆಮೇಲೆ ಒಳಗಡೆ ಗಂಟೆ.

“ಇಬ್ಬರು ಪೆದ್ದರು ಸೈಕಲಲ್ಲಿ ಬಂದ್ರು.” ಗಂಟೆ.

“ದಾರೀಲಿ ಉಷಕ್ಕ ಬಿದ್ರು.” ಪೋಂಯ್.

“ನಿಜವಾಗ್ಲೂ ಬಿದ್ದೆ ಕಣಪ್ಪ, ಮೊಣಕೈ ತರಚಿದೆ,” ಎಂದು ನಾನು ಕೂತಲ್ಲಿಂದ ಅಂದೆ. ತಡೆದು, ಗಂಟೆ.

“ಮಧು ಬಾಗಿಲು ತೆಗೆದ.” ಪೋಂಯ್. ಸಿಮೆಂಟಿನ ಆ ಓಣಿಯಲ್ಲಿ ಅದು ಲಾರಿ ಬಂದ ಹಾಗೆ ಕೇಳಿಸಿತು. ಪಕ್ಕದ ಮನೆಯ ಬಾಗಿಲು ತೆರೆದು ವಯಸ್ಸಾದ ಗಂಡಸೊಬ್ಬರು ಹೊರಬಂದರು. ಮೂವರೂ ಒಟ್ಟಿಗೆ ಬಾಗಿ, ಕ್ಷಮೆ ಕೇಳುತ್ತಾ, ಸುಮಿಮಾಸೆನ್, ಸುಮಿಮಾಸೆನ್ ಅಂದೆವು. ಅವರು ಬೈಯಲಿಲ್ಲ. ಮಧುವಿನ ಬಾಗಿಲು ತೋರಿಸಿ ಶೈಲಜಾಳಿಗೆ ಏನೋ ಕೇಳಿದರು. ಅವಳು ಆಮೇಲೆ ಹೇಳಿದಳು: ಹಗಲೆಲ್ಲ ಲೈಟು ಉರಿಯುತ್ತಿರುತ್ತದೆ, ಹೊರಗೆ ಬಂದದ್ದೇ ಕಾಣೆ, ಹುಷಾರಾಗಿದ್ದಾನೆಯೇ, ಕೇಳಿದರೆ ತೊಂದರೆಯಾದೀತೆಂದು ಸುಮ್ಮನಿದ್ದೆ ಎಂದು. ನಮ್ಮ ಬೀದಿಯಲ್ಲಾಗಿದ್ದರೆ ಎರಡನೇ ದಿನಕ್ಕೇ ನಾಲ್ಕು ಜನ ನುಗ್ಗಿ, ಮದುವೆ ಮಾಡಿಕೋ ಎಲ್ಲ ಸರಿ ಹೋಗುತ್ತೆ ಎಂದು ತಲೆ ತಿನ್ನುತ್ತಿದ್ದರು. ಇವರ ಸಂಕೋಚವೂ ಆ ಗಲಾಟೆಯೂ ಎರಡೂ ಕಷ್ಟವೇ, ಆದರೆ ಆ ಹೊತ್ತು ನನಗೆ ಗಲಾಟೆಯೇ ವಾಸಿ ಅನ್ನಿಸಿತು. ಮುದುಕರು ಒಳಗೆ ಹೋದರು, ಬಾಗಿಲನ್ನು ಮಾತ್ರ ಪೂರ್ತಿ ಮುಚ್ಚಲಿಲ್ಲ.

“ಮಧು ಬಾಗಿಲು ತೆಗೀಲಿಲ್ಲ,” ಗಿರಿ ಮುಂದುವರಿಸಿದ. “ಇವರೂ ಹೋಗ್ಲಿಲ್ಲ.” ಗಂಟೆ.

ನನ್ನ ಸರದಿ ಅನ್ನಿಸಿತು. “ಉಷಕ್ಕಂಗೆ ಸುಸ್ತಾಗಿದೆ,” ಅಂದೆ. ಗಂಟೆ. “ಮಧುಗೂ ಸುಸ್ತಾಗಿದೆ. ತುಂಬಾ ದಿನದಿಂದ.” ಈ ಸಲ ಗಂಟೆ ತಡವಾಗಿ ಬಂತು.

“ಒತ್ಸುಕಾರೆಸಾಮಾ ಮಧು,” ಅಂದೆ. ಹಮಾದಾ-ಸಾನ್ ಕೊಟ್ಟದ್ದನ್ನೇ ಅವನಿಗೆ ಕೊಟ್ಟೆ, ನನ್ನ ಬಳಿ ಬೇರೇನೂ ಇರಲಿಲ್ಲ. ಒಳಗೆ ಗಂಟೆಯಿಲ್ಲ, ಹಾರ್ನಿಲ್ಲ. ಮೂಗು ಎಳೆದುಕೊಂಡ ಸದ್ದು ಕೇಳಿಸಿತು, ಬಾಗಿಲಿಗೆ ಬಹಳ ಹತ್ತಿರದಿಂದ.

ಗಿರಿ ನನ್ನ ಕಡೆ ನೋಡಿದ. ಹಿಂದಿನ ದಿನ ನೋಡದೆ ಹೋಗಿದ್ದ, ಇವತ್ತು ನೋಡಿದ. ನಾನು ಶೈಲಜಾಳತ್ತ ಕಣ್ಣು ಮಾಡಿದೆ. ಅವನು ತಲೆಯಾಡಿಸಿದ.

“ಶೈಲಜಾ ಒಳಗೆ ಬಂದ್ಲು,” ಅಂದ. “ನಾಳೆ ಅವಳ ಜೊತೆ ಮಧು ಡಾಕ್ಟರ್ ಹತ್ರ ಹೋದ.”

ನಾವು ಹಾರ್ನಿಗೆ ಕಾದೆವು. ಗೆಳೆಯನಿಗೆ, ಅಮ್ಮನಿಗೆ, ಬೆಕ್ಕಿಗೂ ಬಂದ ಹಾರ್ನ್. ಗಿರಿ ಹಣೆಯನ್ನು ಬಾಗಿಲ ಚೌಕಟ್ಟಿಗೆ ಆನಿಸಿ ನಿಂತಿದ್ದ. ಶೈಲಜಾ ನನ್ನ ಭುಜ ಹಿಡಿದುಕೊಂಡಿದ್ದಳು. ಹಾರ್ನ್ ಬರಲಿಲ್ಲ.

ಚಿಲಕ ತೆಗೆದ ಸದ್ದಾಯಿತು. ಬಾಗಿಲು ಒಂದು ಗೇಣಿನಷ್ಟು ತೆರೆಯಿತು. ಮೊದಲು ಹೊರಗೆ ಬಂದದ್ದು ಒಂದು ಕೈ, ಅದರಲ್ಲಿ ಹಾರ್ನ್ ಇತ್ತು. ಗಿರಿ ಎರಡು ಕೈಯಲ್ಲಿ ಅದನ್ನು ಇಸಿದುಕೊಂಡ. ಶೈಲಜಾ ಚಪ್ಪಲಿ ಬಿಟ್ಟು ಒಳಗೆ ಹೋದಳು.

“ಗಂಟೆ ಆಮೇಲೆ ಕಳಿಸ್ಲಾ ಮೇಡಂ?” ಎಂದು ಬಾಗಿಲ ಸಂದಿಯಿಂದ ಮಧು ಕೇಳಿದ.

“ನಿಧಾನಕ್ಕೆ ಕಳಿಸು,” ಅಂದೆ. “ಅಷ್ಟರವರೆಗೆ ಚಮಚದಲ್ಲಿ ಲೋಟ ಬಡೀತೀವಿ.”

ಈಗಲೂ ಲೋಟವನ್ನೇ ಬಡಿಯುತ್ತಿದ್ದೇವೆ.